ವ್ಯಾನಿನ ನೆತ್ತಿಗೆ ಸೋಲಾರ್: ಕೊಳ್ಳುವ ಮೊದಲು ಲೆಕ್ಕ, ಕೊರೆಯುವ ಮೊದಲು ಅಳತೆ

ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಸೀಟು ಬಿಚ್ಚಿಸಿ, ಒಳಗೆ ಮಂಚ ಮತ್ತು ಅಡುಗೆಕಟ್ಟೆ ಕೂರಿಸಿಕೊಂಡು ಊರೂರು ತಿರುಗುವವರು ದಾವಣಗೆರೆ, ಚಿತ್ರದುರ್ಗದ ಕಡೆಯೂ ಈಗ ಸಿಗುತ್ತಾರೆ. ಅವರು ಕೇಳುವ ಪ್ರಶ್ನೆಗಳು ಮೂರೇ. ಎಷ್ಟು ವ್ಯಾಟ್ ಹಾಕಿಸಲಿ? ಮನೆಯ ತಾರಸಿಗೆ ಹಾಕುವ ದೊಡ್ಡ ಪ್ಯಾನೆಲ್ ನಡೆಯುತ್ತದೆಯೇ? ಮನೆಯಲ್ಲಿ ಬಿದ್ದಿರುವ ಯುಪಿಎಸ್ ಬ್ಯಾಟರಿಯನ್ನೇ ಇಟ್ಟರಾಗದೇ? ಮೂರಕ್ಕೂ ಒಂದೊಂದು ಸಾಲಿನಲ್ಲಿ ಉತ್ತರ ಹೇಳಿ ಕಳಿಸಿದರೆ ಮರುವಾರ ಅವರೇ ಇನ್ನೊಂದು ಪ್ರಶ್ನೆ ಹಿಡಿದು ಬರುತ್ತಾರೆ. ಹಾಗಾಗಿ ಮೊದಲಿನಿಂದ ಕೊನೆಯವರೆಗೂ ಒಂದೇ ಕಡೆ ಬರೆದಿದ್ದೇನೆ.

ಅಂಗಡಿಯವರು ಪ್ಯಾನೆಲ್‌ನಿಂದ ಮಾತು ಶುರು ಮಾಡುತ್ತಾರೆ. ಅವರ ವ್ಯಾಪಾರ ಅಲ್ಲಿದೆ. ನೀವು ಶುರು ಮಾಡಬೇಕಾದದ್ದು ನಿಮ್ಮ ಫ್ರಿಜ್ಜು, ಫ್ಯಾನುಗಳಿಂದ. ಪ್ಯಾನೆಲ್ ಎಷ್ಟಿರಬೇಕು ಎಂಬುದು ಆ ಲೆಕ್ಕದ ಕೊನೆಯಲ್ಲಿ ತಾನಾಗಿ ಬರುತ್ತದೆ.

ಅದಕ್ಕೂ ಮೊದಲು ಕಾಗದಪತ್ರದ ಮಾತು. ನೋಂದಣಿ ಪತ್ರದಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಸೀಟು ತೆಗೆಸುವುದು, ಎತ್ತರ ಹೆಚ್ಚಿಸುವುದು ಇವೆಲ್ಲ ಅದರ ವ್ಯಾಪ್ತಿಗೆ ಬರಬಹುದು. ನಿಮ್ಮ ಗಾಡಿ ಕೆಎ 16 ಇರಲಿ, ಕೆಎ 17 ಇರಲಿ, ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ, ಆಮೇಲೆ ಡ್ರಿಲ್ ಕೈಗೆತ್ತಿಕೊಳ್ಳಿ. ವೈರಿಂಗ್‌ನಿಂದ ಬೆಂಕಿ ಹೊತ್ತಿಕೊಂಡ ಮೇಲೆ ಹೇಳಲು ಹೋದರೆ ವಿಮೆಯವರು ಕೇಳಿಸಿಕೊಳ್ಳುವುದಿಲ್ಲ.

ಹಂತ 1: ಒಂದು ದಿನದ ಖರ್ಚು ಬರೆಯಿರಿ

ಒಂದು ಉಪಕರಣದ ವ್ಯಾಟ್ ಅನ್ನು ಅದು ಓಡುವ ಗಂಟೆಗಳಿಂದ ಗುಣಿಸಿದರೆ ಬರುವುದು ವ್ಯಾಟ್-ಗಂಟೆ. ಬೆಸ್ಕಾಂ ಬಿಲ್ಲಿನ ಒಂದು ಯೂನಿಟ್ ಎಂದರೆ ಇಂಥ 1000. ವ್ಯಾನಿನಲ್ಲಿ ಇಬ್ಬರು ಇರುತ್ತೀರಿ ಎಂದುಕೊಳ್ಳೋಣ. 12 ವೋಲ್ಟಿನ ಕಂಪ್ರೆಸರ್ ಇರುವ 40-50 ಲೀಟರಿನ ಫ್ರಿಜ್ಜು ನಮ್ಮ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 450 ವ್ಯಾಟ್-ಗಂಟೆ ತಿನ್ನುತ್ತದೆ. 25 ವ್ಯಾಟಿನ ಫ್ಯಾನು ರಾತ್ರಿ ಎಂಟು ಗಂಟೆ ಓಡಿದರೆ 200. ಎಲ್‌ಇಡಿ ದೀಪಗಳಿಗೆ 60. ಎರಡು ಮೊಬೈಲ್, ಒಂದು ಲ್ಯಾಪ್‌ಟಾಪ್‌ಗೆ 90. ಒಟ್ಟು 800. ನೀರಿನ ಪಂಪು ದಿನಕ್ಕೆ ಕಾಲು ಗಂಟೆಯೂ ಓಡುವುದಿಲ್ಲ, ಅದನ್ನು ಬಿಟ್ಟುಬಿಡಿ.

ಇಲ್ಲಿ ಜನ ಎಡವುವುದು ಅಡುಗೆಯಲ್ಲಿ. 750 ವ್ಯಾಟಿನ ಮಿಕ್ಸಿ ಐದು ನಿಮಿಷ ಓಡಿದರೆ ಖರ್ಚು 63 ವ್ಯಾಟ್-ಗಂಟೆ ಮಾತ್ರ. ಚಟ್ನಿ ರುಬ್ಬಲು ಯಾವ ತಕರಾರೂ ಇಲ್ಲ, ಇನ್ವರ್ಟರ್ ತಾಳಿಕೊಳ್ಳುವಷ್ಟು ದೊಡ್ಡದಿದ್ದರಾಯಿತು. ಇಂಡಕ್ಷನ್ ಒಲೆಯ ಕಥೆ ಬೇರೆ. 1800 ವ್ಯಾಟ್ ಎಂದರೆ 12 ವೋಲ್ಟಿನ ಬ್ಯಾಟರಿಯಿಂದ 150 ಆಂಪಿಯರ್‌ಗೂ ಹೆಚ್ಚು ಎಳೆಯಬೇಕು. ಅಷ್ಟು ಕರೆಂಟಿಗೆ ಬೇಕಾದ ವೈರು ಹೆಬ್ಬೆರಳಿನ ಗಾತ್ರದ್ದು. ಬೆಣ್ಣೆದೋಸೆಯನ್ನು ಇಂಡಕ್ಷನ್ ಮೇಲೆ ಹಾಕುವ ಆಸೆ ಬಿಟ್ಟು ಸಣ್ಣ ಗ್ಯಾಸ್ ಒಲೆ ಇಟ್ಟುಕೊಳ್ಳಿ, ದೋಸೆಗೂ ಅದೇ ಚೆನ್ನ. ಏರ್ ಕಂಡಿಷನರ್ ಬೇಕೇ ಬೇಕು ಎನ್ನುವವರಿಗೆ ಈ ಲೇಖನ ಸಾಲದು. ಅದು 24 ಅಥವಾ 48 ವೋಲ್ಟಿನ ಬೇರೆಯೇ ವ್ಯವಸ್ಥೆ.

ನಿಮ್ಮ ಪಟ್ಟಿಯನ್ನು ನೀವೇ ಬರೆಯಿರಿ. ನನ್ನ 800 ನಿಮಗೆ 500 ಆಗಬಹುದು, 1500ಕ್ಕೂ ಏರಬಹುದು. ಫ್ರಿಜ್ಜು ಇಲ್ಲದವರ ಲೆಕ್ಕ ಅರ್ಧಕ್ಕೂ ಕೆಳಗೆ ಇಳಿಯುತ್ತದೆ.

ಹಂತ 2: ಬಿಸಿಲಿನಿಂದ ಪ್ಯಾನೆಲ್‌ಗೆ

ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಚಿತ್ರದುರ್ಗ ಜಿಲ್ಲೆಯ ಅಂಚಿಗೇ ಹೊಂದಿಕೊಂಡ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬಂದು ಕೂತಿರುವುದು ಸುಮ್ಮನೆ ಅಲ್ಲ. ಬೆಳಗಿನಿಂದ ಸಂಜೆಯವರೆಗಿನ ಏರಿಳಿತದ ಬಿಸಿಲನ್ನೆಲ್ಲ ಒಟ್ಟುಗೂಡಿಸಿ, ಪೂರ್ಣ ಪ್ರಖರತೆಯ ಗಂಟೆಗಳಾಗಿ ಎಣಿಸಿದರೆ ನಮ್ಮ ಕಡೆ ವರ್ಷದ ಸರಾಸರಿ ಐದು ಗಂಟೆಗೂ ತುಸು ಹೆಚ್ಚು. ನೀವು ನಾಲ್ಕೂವರೆ ಎಂದೇ ಹಿಡಿಯಿರಿ. ಶಾಖ, ಧೂಳು, ವೈರು, ಸಪಾಟಾಗಿ ಮಲಗಿಸಿದ ಪ್ಯಾನೆಲ್, ಹೀಗೆ ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಸೋರಿ ಸುಮಾರು ಶೇ 30ರಷ್ಟು ಹೋಗುತ್ತದೆ. ಉಳಿಯುವುದನ್ನು ಒಂದು ಸೂತ್ರವಾಗಿ ನೆನಪಿಟ್ಟುಕೊಳ್ಳಿ: 100 ವ್ಯಾಟಿನ ಪ್ಯಾನೆಲ್ ದಿನಕ್ಕೆ ಸುಮಾರು 300 ವ್ಯಾಟ್-ಗಂಟೆ ಕೊಡುತ್ತದೆ. 800 ಬೇಕಿದ್ದರೆ 270 ವ್ಯಾಟಿನ ಪ್ಯಾನೆಲ್ ಸಾಕು. ಮೋಡ ಮತ್ತು ಮರದ ನೆರಳಿಗೆಂದು ಅರ್ಧ ಸೇರಿಸಿ 400 ವ್ಯಾಟ್ ಮಾಡಿ. 200 ವ್ಯಾಟಿನ ಎರಡು ಪ್ಯಾನೆಲ್.

ಶಾಖದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಎಂದುಕೊಳ್ಳುತ್ತಾರೆ. ಬೆಳಕು ಹೆಚ್ಚಬೇಕು, ಬಿಸಿ ಹೆಚ್ಚಬಾರದು. ಪ್ಯಾನೆಲ್ ಹಿಂದೆ ಅಂಟಿಸಿರುವ ಚೀಟಿಯ ವ್ಯಾಟ್ 25 ಡಿಗ್ರಿ ಸೆಲ್ಸಿಯಸ್‌ಗೆ ಅಳೆದದ್ದು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಶೇ 0.35ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಜಿನ ಶಾಖ 65 ಡಿಗ್ರಿ ಮುಟ್ಟಿತೆಂದರೆ ಏಳನೇ ಒಂದು ಭಾಗ ಅಲ್ಲೇ ಹೋಯಿತು. ಇದಕ್ಕೇ ತಗಡಿಗೆ ನೇರವಾಗಿ ಅಂಟಿಸುವ ಬಳುಕುವ ಪ್ಯಾನೆಲ್ ನಮ್ಮ ಊರುಗಳಿಗೆ ಬೇಡ ಎನ್ನುತ್ತೇನೆ. ನೋಡಲು ನಾಜೂಕು, ತೂಕ ಕಡಿಮೆ. ಆದರೆ ಕೆಳಗೆ ಗಾಳಿಯಾಡುವುದಿಲ್ಲ, ಬಲುಬೇಗ ಗುಳ್ಳೆ ಏಳುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಪ್ಯಾನೆಲ್ಲೇ ತೆಗೆದುಕೊಳ್ಳಿ, ಮೊನೊ ಜಾತಿಯದು, ಅಂದರೆ ಒಂದೇ ಹರಳಿನ ಸಿಲಿಕಾನ್ ಕೋಶಗಳದು.

ಇನ್ನು ಓರೆಯಾಗಿ ನಿಲ್ಲಿಸುವ ಮಾತು. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ, ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಡಿಸೆಂಬರಿನಲ್ಲಿ ಮಾತ್ರ ಅವನು ದಕ್ಷಿಣಕ್ಕೆ ವಾಲಿ, ಸಪಾಟು ಪ್ಯಾನೆಲ್ ಮಧ್ಯಾಹ್ನದಲ್ಲಿ ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಅಷ್ಟಕ್ಕಾಗಿ ಎತ್ತಿಳಿಸುವ ಕೀಲು, ಕಂಬಿಗಳನ್ನು ಹೊತ್ತು ತಿರುಗುವುದು ಲಾಭದ ಮಾತಲ್ಲ.

ಈಗ ಆ ಎರಡನೆಯ ಪ್ರಶ್ನೆ. ಮನೆಗೆ ಹಾಕುವ 540 ವ್ಯಾಟಿನ ಪ್ಯಾನೆಲ್ ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ, 28 ಕೆ.ಜಿ. ಆಸುಪಾಸಿನ ತೂಕ. ವ್ಯಾಟಿಗೆ ಬೀಳುವ ಬೆಲೆ ಕಡಿಮೆ, ಆಸೆ ಹುಟ್ಟುವುದು ಸಹಜ. ಉದ್ದನೆಯ ಗಾಡಿ, ಸಪಾಟು ನೆತ್ತಿ, ಕೆಳಗೆ ಪೂರ್ಣ ಉದ್ದದ ಎರಡು ಕಂಬಿ ಇದ್ದರೆ ಹಾಕಬಹುದು. ನಾಲ್ಕು ಮೂಲೆಗೆ ನಾಲ್ಕು ಕ್ಲಾಂಪು ಹಾಕಿ ಬಿಟ್ಟರೆ ಹಂಪುಗಳ ಮೇಲೆ ನಡುಭಾಗ ಕುಣಿಕುಣಿದು ಗಾಜಿನೊಳಗಿನ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಮತ್ತೊಂದು ಅಪಾಯ ಕಂಟ್ರೋಲರಿನದು. ಅದನ್ನು ನಾಲ್ಕನೆಯ ಹಂತದಲ್ಲಿ ಹೇಳುತ್ತೇನೆ.

ಹಂತ 3: ಬ್ಯಾಟರಿ

ಯುಪಿಎಸ್‌ಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಒಳ್ಳೆಯ ಬ್ಯಾಟರಿಯೇ, ಮನೆಯ ಮೂಲೆಯಲ್ಲಿದ್ದರೆ. 150 ಆಂಪಿಯರ್-ಗಂಟೆಯದು 55-65 ಕೆ.ಜಿ. ತೂಗುತ್ತದೆ. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ 12 ವೋಲ್ಟಿನಿಂದ ಗುಣಿಸಿದಾಗ ಬರುವ 1800 ವ್ಯಾಟ್-ಗಂಟೆಯಲ್ಲಿ ಕೈಗೆ ಸಿಗುವುದು 900. ಚಾರ್ಜ್ ಆಗುವಾಗ ಜಲಜನಕದ ಅನಿಲ ಬಿಡುತ್ತದೆ. ತಿರುವಿನಲ್ಲಿ ಆಮ್ಲ ತುಳುಕುತ್ತದೆ. ನೀವು ಮಲಗುವ ಮಂಚದ ಕೆಳಗೆ ಅದನ್ನು ಇಡಬೇಡಿ. ಇಟ್ಟೇ ಇಡುತ್ತೇನೆ ಎನ್ನುವವರು ಮುಚ್ಚಿದ ಪೆಟ್ಟಿಗೆ ಮಾಡಿ, ಅದರ ಮೇಲ್ಭಾಗದಿಂದ ಗಾಡಿಯ ಹೊರಗೆ ಗಾಳಿಕೊಳವೆ ಬಿಡಲೇಬೇಕು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಚಿಕ್ಕದಾಗಿ ಎಲ್‌ಎಫ್‌ಪಿ, 100 ಆಂಪಿಯರ್-ಗಂಟೆಯದು 12-13 ಕೆ.ಜಿ. ಇರುತ್ತದೆ. ಇದರ 12.8 ವೋಲ್ಟಿನ ಲೆಕ್ಕದಲ್ಲಿ ಒಳಗಿರುವುದು 1280 ವ್ಯಾಟ್-ಗಂಟೆ, ಅದರಲ್ಲಿ ಸಾವಿರವನ್ನು ನಿಶ್ಚಿಂತೆಯಿಂದ ಬಳಸಬಹುದು. ನಮ್ಮ 800ರ ಪಟ್ಟಿಗೆ ಒಂದು ದಿನ ಮತ್ತು ತುಸು ಹೆಚ್ಚು. ಬೆಲೆ ಜಾಸ್ತಿ ಹೌದು, ಆದರೆ ಬಾಳಿಕೆಯಿಂದ ಭಾಗಿಸಿ ನೋಡಿ. ಕೊಳ್ಳುವಾಗ ಬಿಎಂಎಸ್ ಎಷ್ಟು ಆಂಪಿಯರ್‌ನದು ಎಂದು ಕೇಳಿ. ಬಿಎಂಎಸ್ ಎಂದರೆ ಬ್ಯಾಟರಿಯೊಳಗೆ ಕೂತ ಕಾವಲುಗಾರ. ಹೆಚ್ಚು ತುಂಬಿದರೆ, ಹೆಚ್ಚು ಎಳೆದರೆ, ಹೆಚ್ಚು ಬಿಸಿಯಾದರೆ ಕಡಿತಗೊಳಿಸುವ ಸರ್ಕ್ಯೂಟು. 1000 ವ್ಯಾಟಿನ ಇನ್ವರ್ಟರ್ ಹಾಕುವವರಿಗೆ 100 ಆಂಪಿಯರ್‌ನ ಬಿಎಂಎಸ್ ಬೇಕು.

ಎಲ್‌ಎಫ್‌ಪಿಗೂ ಒಂದು ಶತ್ರು ಇದೆ, ನಮ್ಮ ಬೇಸಿಗೆ. ಸಾಮಾನ್ಯವಾಗಿ ಅದನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದು. ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ 50 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಬ್ಯಾಟರಿ ನೆಲಮಟ್ಟದಲ್ಲಿರಲಿ, ಪಕ್ಕದ ತಗಡಿಗೆ ತಾಗದಿರಲಿ, ಸುತ್ತ ನಾಲ್ಕು ಬೆರಳು ಗಾಳಿ ಇರಲಿ. ಕಬ್ಬಿಣದ ಪಟ್ಟಿ ಹಾಕಿ ನೆಲಕ್ಕೆ ಬಿಗಿಯಿರಿ. ಬ್ರೇಕ್ ಹಾಕಿದಾಗ ಜಾರಿ ಬರುವ 13 ಕೆ.ಜಿ.ಯೂ ಕಾಲು ಮುರಿಯುತ್ತದೆ.

ಹಂತ 4: ಚಾರ್ಜ್ ಕಂಟ್ರೋಲರ್

ಪ್ಯಾನೆಲ್ ಮತ್ತು ಬ್ಯಾಟರಿಯ ನಡುವಿನ ದಲ್ಲಾಳಿ ಇದು. ಎರಡು ಬಗೆ: ಪಿಡಬ್ಲ್ಯುಎಂ ಮತ್ತು ಎಂಪಿಪಿಟಿ. ಮೊದಲನೆಯದು ಬರಿಯ ಸ್ವಿಚ್ಚು. ಪ್ಯಾನೆಲ್‌ನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದು ಕೂರಿಸುತ್ತದೆ. ಎರಡನೆಯದು ಹೆಚ್ಚಿನ ವೋಲ್ಟನ್ನು ಆಂಪಿಯರ್ ಆಗಿ ಬದಲಿಸಿ ಕೊಡುತ್ತದೆ.

ಇದರ ವ್ಯತ್ಯಾಸ ಆ 540 ವ್ಯಾಟಿನ ಪ್ಯಾನೆಲ್‌ನಲ್ಲಿ ಎದ್ದು ಕಾಣುತ್ತದೆ. ಅದು ಕೆಲಸ ಮಾಡುವುದು ಸುಮಾರು 41 ವೋಲ್ಟ್, 13 ಆಂಪಿಯರ್‌ನಲ್ಲಿ. ಪಿಡಬ್ಲ್ಯುಎಂ ಮೂಲಕ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದರೆ ವೋಲ್ಟೇಜು 13ಕ್ಕೆ ಕುಸಿಯುತ್ತದೆ, ಆಂಪಿಯರ್ 13ರಲ್ಲೇ ಇರುತ್ತದೆ. 13 ಗುಣಿಸು 13, ಸರಿಸುಮಾರು 170 ವ್ಯಾಟ್. ದುಡ್ಡು ಕೊಟ್ಟದ್ದು 540ಕ್ಕೆ. ಆದ್ದರಿಂದ ಎಂಪಿಪಿಟಿಯೇ ಇರಲಿ.

ಅಗ್ಗದ ಡಬ್ಬಿಗಳ ಮೇಲೆ ಎಂಪಿಪಿಟಿ ಎಂದು ಅಚ್ಚು ಹಾಕಿ ಒಳಗೆ ಪಿಡಬ್ಲ್ಯುಎಂ ಇಟ್ಟಿರುವುದೂ ಉಂಟು. ಹಿಡಿಯುವ ಉಪಾಯ ಸುಲಭ. ಚೆನ್ನಾದ ಬಿಸಿಲಿನಲ್ಲಿ, ಬ್ಯಾಟರಿ ಅರ್ಧ ಖಾಲಿಯಿರುವಾಗ, ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟನ್ನು ಅಳೆಯುವ ಕ್ಲಾಂಪ್ ಮೀಟರನ್ನು (ವೈರಿನ ಸುತ್ತ ಕಚ್ಚಿಸಿ ಆಂಪಿಯರ್ ನೋಡುವ ಮೀಟರು) ಮೊದಲು ಪ್ಯಾನೆಲ್ ಕಡೆಯ ವೈರಿಗೆ, ಆಮೇಲೆ ಬ್ಯಾಟರಿ ಕಡೆಯ ವೈರಿಗೆ ಹಿಡಿಯಿರಿ. ಎರಡೂ ಕಡೆ ಒಂದೇ ಆಂಪಿಯರ್ ತೋರಿಸಿದರೆ ಡಬ್ಬಿ ಸುಳ್ಳು ಹೇಳುತ್ತಿದೆ. ಎಂಪಿಪಿಟಿಯಲ್ಲಿ ಬ್ಯಾಟರಿ ಕಡೆಯ ಆಂಪಿಯರ್ ಹೆಚ್ಚಿರಲೇಬೇಕು.

ಗಾತ್ರ ಹೇಗೆ ಆರಿಸುವುದು? 400 ವ್ಯಾಟನ್ನು 13ರಿಂದ ಭಾಗಿಸಿ, 30 ಆಂಪಿಯರ್ ಚಿಲ್ಲರೆ. 30ರದೂ ನಡೆಯುತ್ತದೆ, 40ರದು ನೆಮ್ಮದಿ. ಇನ್ನೊಂದು ಮಿತಿ ವೋಲ್ಟಿನದು, ಇದನ್ನು ಮೀರಿದರೆ ಕಂಟ್ರೋಲರ್ ಸುಟ್ಟೇ ಹೋಗುತ್ತದೆ. ಪ್ಯಾನೆಲ್ ಚೀಟಿಯಲ್ಲಿ ಎರಡು ವೋಲ್ಟೇಜ್ ಬರೆದಿರುತ್ತಾರೆ. ಕೆಲಸ ಮಾಡುವಾಗಿನದು ಒಂದು, ಏನೂ ಜೋಡಿಸದೆ ಬಿಟ್ಟಾಗಿನದು ಇನ್ನೊಂದು. ಲೆಕ್ಕಕ್ಕೆ ದೊಡ್ಡದನ್ನೇ ಹಿಡಿಯಿರಿ. ಏನೂ ಜೋಡಿಸದಾಗ 24 ವೋಲ್ಟ್ ಇರುವ ಎರಡು ಪ್ಯಾನೆಲ್‌ಗಳನ್ನು ಸಾಲಾಗಿ, ಅಂದರೆ ಒಂದರ ಧನವನ್ನು ಇನ್ನೊಂದರ ಋಣಕ್ಕೆ, ಜೋಡಿಸಿದರೆ 48. ಚಳಿಯಲ್ಲಿ ಈ ಅಂಕಿ ಇನ್ನೂ ಏರುತ್ತದೆ. ನಮ್ಮ ಕಡೆಯ ಚಳಿಗೆ ಅದು ಲೆಕ್ಕಕ್ಕಿಲ್ಲ, ಲಡಾಖ್‌ಗೆ ಹೊರಟವರಿಗೆ ಐದನೇ ಒಂದು ಭಾಗ ಮೀಸಲು ಬೇಕು. 100 ವೋಲ್ಟಿನ ಮಿತಿಯ ಕಂಟ್ರೋಲರ್ ಎರಡು ಪ್ಯಾನೆಲ್‌ಗೆ ಧಾರಾಳ.

ಹಂತ 5: ನೆತ್ತಿಯ ಮೇಲೆ ಕೂರಿಸುವುದು

ಮೊದಲು ರಟ್ಟಿನ ಹಾಳೆಗಳನ್ನು ಪ್ಯಾನೆಲ್‌ನ ಅಳತೆಗೆ ಕತ್ತರಿಸಿ ಗಾಡಿಯ ಮೇಲೆ ಹಾಸಿ ನೋಡಿ. ಗಾಳಿ ಕಿಂಡಿ, ಎಸಿಯ ಡಬ್ಬಿ, ಕ್ಯಾರಿಯರಿನ ಅಂಚುಕಂಬಿ ಇವುಗಳ ನೆರಳು ಬೆಳಿಗ್ಗೆ ಎಂಟಕ್ಕೆ ಎಲ್ಲಿ ಬೀಳುತ್ತದೆ, ಸಂಜೆ ನಾಲ್ಕಕ್ಕೆ ಎಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆರಳಗಲದ ಕಂಬಿಯ ನೆರಳು ಪ್ಯಾನೆಲ್‌ನ ಮೂರನೇ ಒಂದು ಭಾಗವನ್ನೇ ನಿಲ್ಲಿಸಿಬಿಡಬಲ್ಲದು. ಒಳಗೆ ಕೋಶಗಳು ಸರಪಳಿಯಂತೆ ಸಾಲಾಗಿರುತ್ತವೆ, ಒಂದು ಕೊಂಡಿ ಸೊರಗಿದರೆ ಆ ಸಾಲು ಪೂರಾ ಸೊರಗುತ್ತದೆ. ಒಂದು ದಿನ ಹೋದರೂ ಸರಿ, ಈ ನೆರಳಿನ ಪರೀಕ್ಷೆ ತಪ್ಪಿಸಬೇಡಿ.

ಕೂರಿಸಲು ನನ್ನ ಮೊದಲ ಆಯ್ಕೆ ಕ್ಯಾರಿಯರ್. ಟ್ರಾವೆಲರ್‌ಗಳ ಮೇಲೆ ಲಗೇಜಿಗೆಂದು ಹಾಕಿಸಿದ ಕಬ್ಬಿಣದ ಕ್ಯಾರಿಯರ್ ಗಟ್ಟಿಯಿದ್ದರೆ ಅದರ ಅಡ್ಡಪಟ್ಟಿಗೇ ಪ್ಯಾನೆಲ್ ಬಿಗಿಯಬಹುದು. ತಗಡಿಗೆ ಒಂದು ರಂಧ್ರವೂ ಬೇಡ. ಅಂಚುಕಂಬಿಗಿಂತ ಪ್ಯಾನೆಲ್ ತುಸು ಮೇಲೆ ಬರುವಂತೆ ಎತ್ತರಿಸಿಕೊಳ್ಳಿ, ಇಲ್ಲದಿದ್ದರೆ ನೆರಳಿನ ಕಾಟ. ಅಲ್ಯೂಮಿನಿಯಂ ಚೌಕಟ್ಟು ಕಬ್ಬಿಣಕ್ಕೆ ನೇರ ತಾಗಿದರೆ ಮಳೆ ನೀರು ಸೇರಿ ಎರಡೂ ಸವೆಯುತ್ತವೆ, ನಡುವೆ ರಬ್ಬರ್ ಪಟ್ಟಿ ಇಡಿ. ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದು, ನಟ್ಟು ನೈಲಾನ್ ಬಳೆ ಇರುವ ಲಾಕ್ ನಟ್. ಸಾದಾ ನಟ್ಟು ಕಲ್ಲುಹಾದಿಯ ಅಲುಗಾಟಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ.

ಕ್ಯಾರಿಯರ್ ಇಲ್ಲದವರು ತಗಡನ್ನು ಕೊರೆಯಲೇಬೇಕು. ತಗಡಿನ ಒಳಗಡೆ ಹಾದುಹೋಗುವ ಅಡ್ಡಪಟ್ಟಿ ಎಲ್ಲಿದೆ ಎಂದು ಒಳಚಾವಣಿ ಬಿಚ್ಚಿ ನೋಡಿ, ಅದರ ಮೇಲೇ ರಂಧ್ರ ಬರಲಿ. ಬರೀ ತಗಡಿಗೆ ಹಾಕಿದ ಬೋಲ್ಟು ಕಿತ್ತುಬರುತ್ತದೆ. ಡ್ರಿಲ್ ಬಿಟ್ಟಿಗೆ ಮರದ ತುಂಡು ಸಿಕ್ಕಿಸಿ ಆಳದ ಮಿತಿ ಹಾಕಿಕೊಳ್ಳಿ, ಕೆಳಗೆ ದೀಪದ ವೈರುಗಳಿರುತ್ತವೆ. ಕೊರೆದ ಅಂಚಿಗೆ ತುಕ್ಕುನಿರೋಧಕ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಪಾಲಿಯುರಿಥೇನ್ ಸೀಲೆಂಟ್ ತುಂಬಿ ಬಿಗಿಯಿರಿ. ಬಚ್ಚಲುಮನೆಗೆ ಬಳಿಯುವ ಸಾದಾ ಸಿಲಿಕೋನ್ ಬೇಡವೇ ಬೇಡ, ನಮ್ಮ ಬಿಸಿಲಿಗೆ ಅಂಚು ಬಿಟ್ಟುಕೊಳ್ಳುತ್ತದೆ. ನಾನು ಮೊದಲ ಗಾಡಿಗೆ ಅದನ್ನೇ ಹಚ್ಚಿದ್ದೆ. ಮುಂಗಾರಿನ ಮೊದಲ ಮಳೆಯಲ್ಲಿ ಒಳಗಿನ ದೀಪದ ಬಳೆಯಿಂದ ತುಕ್ಕುಬಣ್ಣದ ಒಂದೊಂದೇ ಹನಿ ಬಂದು ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಟಪ್ಪೆಂದು ಬೀಳುತ್ತಿತ್ತು. ರಂಧ್ರ ಇದ್ದದ್ದು ಅಲ್ಲಿಂದ ನಾಲ್ಕು ಅಡಿ ಹಿಂದೆ. ನೀರು ಒಳಹೊಕ್ಕ ಕಡೆಯೇ ಹೊರಬರುವುದಿಲ್ಲ, ಹುಡುಕುವುದಕ್ಕೆ ಎರಡು ದಿನ ಹಿಡಿಯಿತು.

ತಗಡಿಗೂ ಪ್ಯಾನೆಲ್‌ಗೂ ನಡುವೆ ಎರಡು ಬೆರಳಿನಿಂದ ಮೂರು ಬೆರಳಿನಷ್ಟು ಜಾಗ ಬಿಡಿ. ಗಾಳಿಯಾಡಲು ಅಷ್ಟು ಬೇಕು, ಅದಕ್ಕಿಂತ ಹೆಚ್ಚು ಬಿಟ್ಟರೆ ಓಡುವಾಗಿನ ಗಾಳಿ ಕೆಳಗೆ ನುಗ್ಗಿ ಎತ್ತುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದು ಚದರ ಮೀಟರಿನ ಮೇಲೆ ಗಾಳಿಯ ಒತ್ತಡ 45 ಕೆ.ಜಿ. ಭಾರಕ್ಕೆ ಸಮ. ಚಿತ್ರದುರ್ಗದ ಹತ್ತಿರ ಹೆದ್ದಾರಿ 48ರಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣತೊಡಗಿದವೆಂದರೆ ಪಕ್ಕದ ಗಾಳಿಯೂ ಬಂದು ಸೇರುತ್ತದೆ. ಅಲ್ಲಿ ಆ ಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲವಲ್ಲ. ಪ್ಯಾನೆಲ್‌ನ ಮುಂದಿನ ಅಂಚಿಗೆ ಇಳಿಜಾರಾದ ಅಲ್ಯೂಮಿನಿಯಂ ತಗಡು ಕೂರಿಸಿದರೆ ಗಾಳಿ ಮೇಲೆ ಜಾರಿಹೋಗುತ್ತದೆ, ಶಿಳ್ಳೆಯ ಸದ್ದೂ ನಿಲ್ಲುತ್ತದೆ.

ಎಲ್ಲ ಆದ ಮೇಲೆ ನೆಲದಿಂದ ಪ್ಯಾನೆಲ್‌ನ ತುದಿಯವರೆಗಿನ ಎತ್ತರ ಅಳೆದು ಚಾಲಕನ ಕಣ್ಣಿಗೆ ಕಾಣುವಂತೆ ಗಾಜಿನ ಮೇಲೆ ಬರೆದು ಅಂಟಿಸಿ. ಊರೊಳಗಿನ ರೈಲ್ವೆ ಕೆಳಸೇತುವೆಗಳಲ್ಲಿ ಹಳೆಯ ನೆನಪಿನ ಮೇಲೆ ನುಗ್ಗಿದವರಿಗೆ ಗಾಜು ಒಡೆದ ಮೇಲಷ್ಟೇ ಹೊಸ ಎತ್ತರ ಗೊತ್ತಾಗುತ್ತದೆ.

ಹಂತ 6: ವೈರು

ನಾಲೆಯ ಕೊನೆಯ ಭಾಗಕ್ಕೆ ನೀರು ತಲುಪುವುದಿಲ್ಲ ಎಂಬ ದೂರು ಭದ್ರಾ ಅಚ್ಚುಕಟ್ಟಿನವರಿಗೆ ಹೊಸದಲ್ಲ. ಸಣ್ಣ ವೈರಿನಲ್ಲಿ 12 ವೋಲ್ಟಿನ ಪಾಡೂ ಅದೇ, ದಾರಿಯಲ್ಲೇ ಇಂಗಿಹೋಗುತ್ತದೆ. ಪ್ಯಾನೆಲ್‌ನಿಂದ ಕಂಟ್ರೋಲರಿಗೆ ಹೋಗಿ ಬರುವ ದಾರಿ ಒಟ್ಟು 10 ಮೀಟರ್, ವೈರು 4 ಚದರ ಮಿ.ಮೀ. ಎಂದುಕೊಳ್ಳಿ. ಎರಡು ಪ್ಯಾನೆಲ್‌ಗಳನ್ನು ಸಾಲಾಗಿ, ಅಂದರೆ ಒಂದರ ಧನವನ್ನು ಇನ್ನೊಂದರ ಋಣಕ್ಕೆ ಸೇರಿಸಿದರೆ ಹರಿಯುವುದು 40 ವೋಲ್ಟಿನಲ್ಲಿ 10 ಆಂಪಿಯರ್. ಕಳೆದುಹೋಗುವುದು ಅರ್ಧ ವೋಲ್ಟ್, ಶೇ 1ರ ಚಿಲ್ಲರೆ. ಪಕ್ಕಪಕ್ಕ, ಅಂದರೆ ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿದರೆ 20 ವೋಲ್ಟಿನಲ್ಲಿ 20 ಆಂಪಿಯರ್. ಕಳೆಯುವುದು ಒಂದು ವೋಲ್ಟ್, ಶೇ 5. ಸಾಲು ಜೋಡಣೆ ಮೇಲೆಂದು ತೋರುತ್ತದೆ, ಆದರೆ ಒಂದರ ಮೇಲೆ ನೆರಳು ಬಿದ್ದರೆ ಇನ್ನೊಂದಕ್ಕೂ ಪೆಟ್ಟು. ಬಯಲಿನಲ್ಲಿ ನಿಲ್ಲಿಸುವವರು ಸಾಲು ಜೋಡಣೆ ಮಾಡಿ. ಹೊಂಗೆ, ಬೇವಿನ ಮರ ಕಂಡಲ್ಲೆಲ್ಲ ಗಾಡಿ ನಿಲ್ಲಿಸುವವರು ಪಕ್ಕಪಕ್ಕ ಜೋಡಿಸಿ ವೈರನ್ನು 6 ಚದರ ಮಿ.ಮೀ.ಗೆ ಏರಿಸಿ. ಏಪ್ರಿಲ್‌ನಲ್ಲಿ ನೆರಳು ಬೇಕೋ ಕರೆಂಟು ಬೇಕೋ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನನ್ನ ಮನೆಯವರು ನೆರಳು ಎನ್ನುತ್ತಾರೆ.

ಬಿಸಿಲು ತಡೆಯುವ ಸೋಲಾರ್ ಡಿಸಿ ಕೇಬಲ್ಲನ್ನೇ ಕೊಳ್ಳಿ. ಮನೆ ವೈರಿಂಗಿನ ವೈರಿನ ಹೊದಿಕೆ ಬಿಸಿಲಿಗೆ ಬೇಗ ಬಿರುಕು ಬಿಡುತ್ತದೆ. ನೆತ್ತಿಯಿಂದ ಒಳಗಿಳಿಸುವ ಜಾಗಕ್ಕೆ ಗ್ಲ್ಯಾಂಡ್ ಇರುವ ಡಬ್ಬಿ ಕೂರಿಸಿ. ಗ್ಲ್ಯಾಂಡ್ ಎಂದರೆ ವೈರಿನ ಸುತ್ತ ರಬ್ಬರು ಹಿಂಡಿ ನೀರು ತಡೆಯುವ ತಿರುಪು. ವೈರು ಡಬ್ಬಿಯೊಳಗೆ ಹೋಗುವ ಮುನ್ನ ಒಂದು ಸಣ್ಣ ಇಳಿಬಳುಕು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಡಬ್ಬಿಯ ಬಾಯಿ ಗಾಡಿಯ ಹಿಂಬದಿಗಿರಲಿ.

ಹಂತ 7: ಫ್ಯೂಸು, ಲಗ್ಗು, ಜೋಡಣೆಯ ಕ್ರಮ

ಇಡೀ ಕೆಲಸದಲ್ಲಿ ಬೆಂಕಿ ಹುಟ್ಟುವ ಸಂಭವ ಹೆಚ್ಚಿರುವ ಜಾಗ ಇದೇ. ಪ್ಯಾನೆಲ್ ನಿಮ್ಮನ್ನು ಸುಡುವುದು ಕಷ್ಟ, ಬ್ಯಾಟರಿ ಸುಡುವುದು ಬಲು ಸುಲಭ. ಎಲ್‌ಎಫ್‌ಪಿ ಬ್ಯಾಟರಿಯ ಎರಡು ತುದಿಯ ನಡುವೆ ಸ್ಪ್ಯಾನರ್ ಬಿದ್ದರೆ ಕ್ಷಣದಲ್ಲಿ ಅದು ಕೆಂಪಗಾಗುತ್ತದೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿ.

ಫ್ಯೂಸು ಇರುವುದು ಉಪಕರಣ ಕಾಯಲಿಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ಹಾಗಾಗಿ ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೇ ಇರಬೇಕು. ಎರಡು ಮೀಟರ್ ಆಚೆ, ಕಂಟ್ರೋಲರಿನ ಬಳಿ ಹಾಕಿದರೆ ಆ ಎರಡು ಮೀಟರ್ ವೈರಿಗೆ ಕಾವಲಿಲ್ಲ. ಕಂಟ್ರೋಲರಿನಿಂದ ಬ್ಯಾಟರಿಗೆ 10 ಚದರ ಮಿ.ಮೀ. ವೈರು, 40 ಆಂಪಿಯರ್ ಫ್ಯೂಸು. 1000 ವ್ಯಾಟಿನ ಇನ್ವರ್ಟರಿಗೆ 35 ಚದರ ಮಿ.ಮೀ.ನ ಗಿಡ್ಡ ವೈರು, 125 ಆಂಪಿಯರ್ ಫ್ಯೂಸು. ಪ್ಯಾನೆಲ್ ಕಡೆ ಒಂದು ಡಿಸಿ ಎಂಸಿಬಿ (ಕರೆಂಟು ಹೆಚ್ಚು ಹರಿದರೆ ತಾನೇ ಕಡಿಯುವ ಸ್ವಿಚ್ಚು) ಇಡಿ, ಪ್ಯಾನೆಲನ್ನು ಬೇರ್ಪಡಿಸಲು ಬೇಕಾಗುತ್ತದೆ. ಮನೆಯ ಎಸಿ, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ಕರೆಂಟಿನ, ಎಂಸಿಬಿಯನ್ನು ಇಲ್ಲಿ ಹಾಕಬೇಡಿ. ಡಿಸಿ ಕಿಡಿ ತಾನಾಗಿ ಆರುವುದಿಲ್ಲ, ಒಳಗೇ ಉರಿಯುತ್ತ ನಿಲ್ಲುತ್ತದೆ. ಡಿಸಿ ಎಂಸಿಬಿಗಳಲ್ಲೂ ಕೆಲವಕ್ಕೆ ಧನ, ಋಣದ ಗುರುತಿರುತ್ತದೆ, ತಿರುಗುಮುರುಗಾದರೆ ಅದೇ ಗತಿ.

ಲಗ್ ಎಂದರೆ ವೈರಿನ ತುದಿಗೆ ಹಾಕುವ ತಾಮ್ರದ ಕಿವಿ. ಇಕ್ಕಳದಲ್ಲಿ ಚಪ್ಪಟೆ ಮಾಡಿ ಮುಗಿಸುವವರೇ ಹೆಚ್ಚು. ಬ್ಯಾಟರಿ ಅಂಗಡಿಯಲ್ಲಿ ಹೈಡ್ರಾಲಿಕ್ ಕ್ರಿಂಪಿಂಗ್ ಯಂತ್ರ ಇರುತ್ತದೆ, ವೈರನ್ನು ಅಳತೆಗೆ ಕತ್ತರಿಸಿ ಒಯ್ದು ಅಲ್ಲೇ ಒತ್ತಿಸಿಕೊಂಡು ಬನ್ನಿ. ಒತ್ತಿಸಿದ ಮೇಲೆ ಲಗ್ಗನ್ನು ಒಂದು ಕೈಯಲ್ಲಿ, ವೈರನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಲವಾಗಿ ಎಳೆಯಿರಿ. ಕೂದಲೆಳೆಯಷ್ಟು ಜಾರಿದರೂ ಕತ್ತರಿಸಿ ಹೊಸದು ಹಾಕಿಸಿ. ಸಡಿಲ ಲಗ್ಗು ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಪಕ್ಕದ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ, ಮೀನು ಕೊಳೆತಂಥ ವಾಸನೆ ಬರುತ್ತದೆ. ವಾಸನೆ ಬರುವಷ್ಟರಲ್ಲಿ ತಡವಾಗಿರುತ್ತದೆ.

ಜೋಡಿಸುವ ಕ್ರಮ ತಪ್ಪಬಾರದು. ಮೊದಲು ಪ್ಯಾನೆಲ್‌ಗಳ ಮೇಲೆ ಕಂಬಳಿ ಹೊದಿಸಿ. ಚಳ್ಳಕೆರೆಯ ಕರಿ ಕಂಬಳಿ ಇದ್ದರೆ ಅದಕ್ಕಿಂತ ಒಳ್ಳೆಯ ಮುಸುಕು ಬೇರೆ ಬೇಡ. ಮಲ್ಟಿಮೀಟರಿನಲ್ಲಿ ಪ್ಯಾನೆಲ್ ವೈರಿನ ಧನ, ಋಣ ನೋಡಿ ಕೆಂಪು, ಕಪ್ಪು ಟೇಪು ಸುತ್ತಿ. ಪ್ಯಾನೆಲ್‌ನ ಎಂಸಿ4 ಪ್ಲಗ್ಗಿನ ಗಂಡು-ಹೆಣ್ಣು ನೋಡಿ ಊಹಿಸಬೇಡಿ, ಅಲ್ಲೇ ಎಲ್ಲರೂ ಮೋಸಹೋಗುವುದು. ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ ಜೋಡಿಸಿ, ಅದು 12 ವೋಲ್ಟ್ ಎಂದು ಗುರುತಿಸಿ ದೀಪ ಹತ್ತಿದ ಮೇಲೆ ಪ್ಯಾನೆಲ್ ಜೋಡಿಸಿ. ಬಿಚ್ಚುವಾಗ ಪ್ಯಾನೆಲ್ ಮೊದಲು, ಬ್ಯಾಟರಿ ಕೊನೆಗೆ. ಕರೆಂಟು ಹರಿಯುತ್ತಿರುವಾಗ ಎಂಸಿ4 ಪ್ಲಗ್ ಎಳೆಯಬೇಡಿ.

ಎಲ್‌ಎಫ್‌ಪಿಗೆ ಕಂಟ್ರೋಲರಿನಲ್ಲಿ ಚಾರ್ಜಿಂಗ್ ವೋಲ್ಟೇಜ್ 14.2ರಿಂದ 14.4, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5 ಇರಲಿ. ಈಕ್ವಲೈಸ್ ಎಂಬ ಆಯ್ಕೆ ಕಂಡರೆ ಆಫ್ ಮಾಡಿಬಿಡಿ, ಅದು ಆಮ್ಲದ ಬ್ಯಾಟರಿಗೆ ಮಾಡುವ ಉಪಚಾರ.

ಹಂತ 8: ಪರೀಕ್ಷೆ

ನೀರಿನ ಪರೀಕ್ಷೆ ಮೊದಲು. ಒಬ್ಬರು ಮೇಲೆ ಪೈಪು ಹಿಡಿದು ಪ್ರತಿ ಬೋಲ್ಟಿನ ಮೇಲೂ ಹತ್ತು ನಿಮಿಷ ನೀರು ಬಿಡಲಿ, ಒಳಗೆ ಇನ್ನೊಬ್ಬರು ಒಣ ದಿನಪತ್ರಿಕೆ ಹರಡಿ ಕೂತಿರಲಿ. ಕಾಗದದ ಮೇಲೆ ಹನಿಯ ಗುರುತು ತಕ್ಷಣ ಕಾಣುತ್ತದೆ. ಆಮೇಲೆ ಅರ್ಧ ಗಂಟೆ ಎಲ್ಲ ಉಪಕರಣ ಓಡಿಸಿ, ಆರಿಸಿ, ಒಂದೊಂದೇ ಲಗ್ಗನ್ನು ಬೆರಳಿನಿಂದ ಮುಟ್ಟಿ. ಒಂದು ಮಾತ್ರ ಬೇರೆಯವಕ್ಕಿಂತ ಬೆಚ್ಚಗಿದ್ದರೆ ಅದೇ ಕಳ್ಳ. 500 ಕಿ.ಮೀ. ಓಡಿದ ಮೇಲೆ ನೆತ್ತಿಯ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ನೋಡಿ.

ಮಳೆಗಾಲದ ಬಗ್ಗೆ

ಜುಲೈಯಲ್ಲಿ ಆಗುಂಬೆ, ಜೋಗದ ಕಡೆ ಹೊರಟರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ದಟ್ಟ ಮೋಡದಲ್ಲಿ ಪ್ಯಾನೆಲ್ ಐದನೇ ಒಂದು ಭಾಗ ಕೊಟ್ಟರೂ ಪುಣ್ಯ. ಎಷ್ಟು ಪ್ಯಾನೆಲ್ ಸೇರಿಸಿದರೂ ಇದಕ್ಕೆ ಮದ್ದಿಲ್ಲ. ಓಡುವ ಇಂಜಿನ್ನಿನ ಆಲ್ಟರ್ನೇಟರಿನಿಂದ ಬ್ಯಾಟರಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. 30 ಆಂಪಿಯರಿನದು ಎರಡು ಗಂಟೆ ಪ್ರಯಾಣದಲ್ಲಿ ಒಂದು ದಿನದ ಖರ್ಚು ತುಂಬಿಕೊಡುತ್ತದೆ. ಚಾರ್ಜರ್ ಇಲ್ಲದೆ ಬರೀ ವೈರಿನಲ್ಲಿ ಗಾಡಿಯ ಬ್ಯಾಟರಿಗೂ ಇದಕ್ಕೂ ಸೇರಿಸಿದರೆ ಎಲ್‌ಎಫ್‌ಪಿ ಮಿತಿಯಿಲ್ಲದೆ ಎಳೆದು ಆಲ್ಟರ್ನೇಟರನ್ನು ಸುಟ್ಟುಬಿಡಬಹುದು.

ತೊಳೆಯುವುದು

ನಮ್ಮ ಕಡೆಯ ಧೂಳು ಬೇಗ ಕೂರುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ಗಾಡಿ ನಿಲ್ಲಿಸುವವರಿಗೆ ಮಸಿಯ ಕಾಟ ಬೇರೆ. ಸೂರ್ಯ ಏರುವ ಮೊದಲೇ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಕೊಳವೆಬಾವಿಯ ಗಡಸು ನೀರಾದರೆ ಹಾಗೇ ಒಣಗಲು ಬಿಡದೆ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಬಿಳಿಯ ಪೊರೆ ಕಟ್ಟುತ್ತದೆ. ಹಕ್ಕಿ ಹಿಕ್ಕೆ ಕಂಡರೆ ವಾರ ಕಾಯಬೇಡಿ, ಸಣ್ಣ ನೆರಳಿನ ಲೆಕ್ಕ ಮೇಲೆ ಹೇಳಿದ್ದೇನೆ.

ಮೊದಲ ರಾತ್ರಿಯನ್ನು ದೂರ ಎಲ್ಲೋ ಕಳೆಯಬೇಡಿ. ಸೂಳೆಕೆರೆಯ ದಂಡೆಯೋ, ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆಯೋ, ಮನೆಗೆ ಎರಡು ಗಂಟೆಯ ದಾರಿಯೊಳಗೆ ಇರಲಿ. ಸಂಜೆ ಬ್ಯಾಟರಿ ಪೂರ್ತಿ ತುಂಬಿದ್ದು, ಬೆಳಿಗ್ಗೆ ಎಂಟಕ್ಕೆ ಬ್ಯಾಟರಿಯ ಮೀಟರು ಶೇ 50ರ ಆಸುಪಾಸು ತೋರಿಸಿದರೆ ನಿಮ್ಮ ಪಟ್ಟಿ ಸರಿಯಿತ್ತು. ಶೇ 40ಕ್ಕಿಂತ ಕೆಳಗಿದ್ದರೆ ಪ್ಯಾನೆಲ್ ಸಾಲದೆಂದು ಅಂಗಡಿಗೆ ಓಡಬೇಡಿ. ಮೊದಲು ಫ್ರಿಜ್ಜಿನ ಬಾಗಿಲ ರಬ್ಬರಿಗೆ ಒಂದು ನೋಟು ಸಿಕ್ಕಿಸಿ ಎಳೆದು ನೋಡಿ. ಅದು ಸಲೀಸಾಗಿ ಜಾರಿ ಬಂದರೆ ಬದಲಿಸಬೇಕಾದದ್ದು ಆ ರಬ್ಬರು.